ಟೇಪು ಅಂಟಿಸಿದ ಗಾಜು

ಗುಂಡು ಹೊಡೆಯುವ ತರಬೇತಿ ಕೊಡಲು ಬಂದಿದ್ದ ಮೇಡಂ ಜೇಬಿನಿಂದ ಕಪ್ಪು ಟೇಪಿನ ಸುರುಳಿ ತೆಗೆದದ್ದನ್ನು ಕಂಡೊಡನೆ, ಇದು ತನ್ನನ್ನು ಹಿಡಿಯಲೆಂದೇ ಹೂಡಿದ ಆಟ ಎನಿಸಿಬಿಟ್ಟಿತು ಗೂಬಣ್ಣನಿಗೆ.

ಬ್ಯಾಂಕುಗಳಿಗೆ ಪೆಟ್ಟಿಗೆ ಸಾಗಿಸುವ ವ್ಯಾನಿನಲ್ಲಿ ಅವನು ಪಿಸ್ತೂಲು ಹಿಡಿದ ಕಾವಲುಗಾರ. ನಿಂತಲ್ಲೇ ಕತ್ತನ್ನು ಅತ್ತ ಇತ್ತ ತಿರುಗಿಸುತ್ತಲೇ ಇರುತ್ತಾನೆಂದು ಜೊತೆಯವರು ಇಟ್ಟ ಹೆಸರು ಗೂಬಣ್ಣ. ಅದನ್ನು ಎಲ್ಲರೂ ಎಚ್ಚರವೆಂದೇ ತಿಳಿದಿದ್ದರು. ಹೊಸಬರಿಗೆ ಅವನನ್ನು ತೋರಿಸಿ, "ಕಾವಲು ಅಂದ್ರೆ ಹೀಗಿರಬೇಕು" ಎಂದು ಕಂಪನಿಯ ಸಾಹೇಬರು ಹೇಳಿದ್ದೂ ಉಂಟು. ನಿಜ ಬೇರೆಯೇ ಇತ್ತು. ಅವನ ಎಡಗಣ್ಣಿನ ಬೆಳಕು ಸ್ವಲ್ಪ ಸ್ವಲ್ಪವೇ ಆರಿ, ಈಗ ಅದರಲ್ಲಿ ಬೂದಿ ಬಣ್ಣದ ಮಬ್ಬು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಕತ್ತು ತಿರುಗಿಸದಿದ್ದರೆ ಎಡಗಡೆಯ ಲೋಕವೇ ಅವನ ಪಾಲಿಗಿಲ್ಲ. ಕೆಲಸಕ್ಕೆ ಸೇರುವಾಗ ಕಣ್ಣು ಪರೀಕ್ಷಿಸಿದ್ದ ಕಂಪನಿ ಆಮೇಲೆ ಕೇಳಿರಲಿಲ್ಲ, ಅವನಾಗಿ ಹೇಳಿರಲಿಲ್ಲ. ಗೊತ್ತಾದರೆ ಅಂದೇ ಪಿಸ್ತೂಲು ಇಸಿದುಕೊಂಡು ಮನೆಗೆ ಕಳಿಸುತ್ತಾರೆ.

ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೆ. ಅವಳ ಬಾಯಿ ಭದ್ರ, ನಿಜ. ಆದರೆ ತಮ್ಮನ ಮುಂದೆ ಯಾವ ಅಕ್ಕನ ಬಾಯಿಗೆ ಬೀಗವಿರುತ್ತದೆ? ಆ ತಮ್ಮ, ಅಂದರೆ ಗೂಬಣ್ಣನ ಭಾಮೈದ, ಅದೇ ವ್ಯಾನಿನಲ್ಲಿ ಪೆಟ್ಟಿಗೆ ಹೊರುವವನು. ಕೆಲಸ ಕೊಡಿಸಿದ್ದೂ ಗೂಬಣ್ಣನೇ. "ನಾನಿರ್ತೀನಿ ಬಿಡಿ, ಕೂದಲೂ ಕೊಂಕೋದಿಲ್ಲ" ಎಂದು ಅತ್ತೆಗೆ ಮಾತು ಕೊಟ್ಟಿದ್ದ. ಈಗ ಆ ಭಾಮೈದನೇ ಮೇಡಂ ಪಕ್ಕ ನಿಂತು ಹಲ್ಲು ಕಿರಿಯುತ್ತ ಟೇಪು ಹರಿದುಕೊಡುತ್ತಿದ್ದಾನೆ.

"ನಿಮ್ಮ ಪಿಸ್ತೂಲಿನ ಮೇಲಿರೋ ಗಾಜಿನಲ್ಲಿ ಕೆಂಪು ಚುಕ್ಕೆ ಕಾಣುತ್ತೆ. ಚುಕ್ಕೆ ಎಲ್ಲಿ ಕೂರುತ್ತೋ ಗುಂಡು ಅಲ್ಲಿಗೆ," ಎಂದರು ಮೇಡಂ. "ಬ್ಯಾಟರಿ ಸತ್ತರೆ? ಗಾಜಿಗೆ ಕೆಸರು ಮೆತ್ತಿದರೆ? ಹೋಗಿ ಒರೆಸ್ಕೊಂಡು ಬನ್ನಿ, ಕಾಯ್ತೀನಿ ಅಂತಾನಾ ಕಳ್ಳ?"

ಮೊದಲು ಚುಕ್ಕೆ ಆರಿಸಿ ಹೊಡೆಯುವ ಅಭ್ಯಾಸ. ಖಾಲಿ ಗಾಜಿನ ಚೌಕಟ್ಟಿನ ನಟ್ಟನಡುವೆ ಗುರಿಹಲಗೆಯ ಮೇಲೆ ಬಿಡಿಸಿದ ಆಳಿನ ಎದೆಯನ್ನು ಕೂರಿಸಿ ಗುಂಡು ಬಿಡಬೇಕು. ಅದಕ್ಕೆ ಒಂದು ಕಣ್ಣು ಸಾಕು. ಗೂಬಣ್ಣನ ಗುಂಡುಗಳು ಒಂದರ ಪಕ್ಕ ಒಂದು ಬಿದ್ದವು. ಆದರೂ ಅವನಿಗೆ ಸಮಾಧಾನವಿಲ್ಲ. ಮೊದಲು ಸುಲಭದ್ದು ಕೊಟ್ಟು ಆಮೇಲೆ ಕತ್ತು ಹಿಡಿಯುವುದು ಹಳೇ ಉಪಾಯ.

"ಈಗ ಚುಕ್ಕೆ ಹೊತ್ತಿಸಿ, ಗಾಜಿನ ಮುಂದಿನ ಮುಖಕ್ಕೆ ಟೇಪು ಹಾಕಿ. ಚುಕ್ಕೆ ಕಾಣುತ್ತೆ, ಅದರ ಹಿಂದಿನ ಗುರಿ ಕಾಣಲ್ಲ. ಎರಡೂ ಕಣ್ಣು ತೆರೆದಿಡಿ. ಒಂದು ಕಣ್ಣು ಚುಕ್ಕೆ ನೋಡ್ಲಿ, ಇನ್ನೊಂದು ಗುರಿ ನೋಡ್ಲಿ. ಎರಡನ್ನೂ ಒಂದು ಮಾಡೋದು ಮಿದುಳಿನ ಕೆಲಸ."

'ಎರಡೂ ಕಣ್ಣು' ಎನ್ನುವಾಗ ಮೇಡಂ ತನ್ನ ಕಡೆಗೇ ನೋಡಿದರೇ? ನೋಡಿದರು ಎಂದೇ ಅವನಿಗನ್ನಿಸಿತು.

ವ್ಯಾನಿನವರೆಲ್ಲರೂ ಹೊಡೆಯಲು ಕಲಿಯಬೇಕಿತ್ತು; ಭಾಮೈದ ಮೊದಲು ಹೊಡೆದ. "ಮೇಡಂ, ಟೇಪೇ ಕಾಣ್ತಿಲ್ವಲ್ಲ. ನಿಜವಾಗ್ಲೂ ಅಂಟಿಸಿದ್ದೀರಾ, ಇಲ್ಲ ನಮಗೆ ಮಂಕುಬೂದಿ ಎರಚ್ತಿದ್ದೀರಾ?" ಸಾಲಿನಲ್ಲಿದ್ದವರು ನಕ್ಕರು. ಅವನು ಹಿಂದೆ ತಿರುಗಿ, "ಭಾವ, ನೀವೂ ನೋಡಿ, ಮಜಾ ಇದೆ," ಎಂದ.

ಮಜಾ ಅಂತೆ. ಕಚ್ಚುವ ಹಾವು ಬುಸುಗುಟ್ಟುವುದಿಲ್ಲ ಎಂದುಕೊಂಡ ಗೂಬಣ್ಣ.

ಅವನ ಸರದಿ ಬಂತು. ಪಿಸ್ತೂಲು ಎತ್ತಿದ. ಕಪ್ಪು ಚೌಕ, ಅದರ ನಡುವೆ ಕೆಂಪು ಚುಕ್ಕೆ, ಅಷ್ಟೇ. ಟೇಪು ಮಾಯವಾಗಲಿಲ್ಲ, ಗೋಡೆಯ ಹಾಗೆ ನಿಂತಿತು. ಚೌಕದ ಆಚೀಚೆ ಹಲಗೆಯ ಆಳಿನ ಭುಜಗಳು ಮಾತ್ರ ಇಣುಕುತ್ತಿದ್ದವು. ಎದೆ ಅವೆರಡರ ನಡುವೆ ಇರಬಹುದೆಂದು ಅಂದಾಜಿನ ಮೇಲೆ ಗುಂಡು ಬಿಟ್ಟ. ಗುಂಡುಗಳು ಹೊಟ್ಟೆಗೊಂದು ಕತ್ತಿಗೊಂದು ಚೆದುರಿ ಬಿದ್ದವು, ಆದರೆ ಆಳಿನ ಮೈ ಬಿಟ್ಟು ಹೊರಗೆ ಹೋಗಲಿಲ್ಲ.

"ಟೇಪು ಮಾಯ ಆಯ್ತಾ?" ಎಂದರು ಮೇಡಂ.

"ಆಯ್ತು ಮೇಡಂ."

"ಒಳ್ಳೇದು."

ಆ ಒಂದು 'ಒಳ್ಳೇದು' ಎಂಬ ಮಾತನ್ನು ಅವನು ತಿರುವಿ ತಿರುವಿ ನೋಡಿದ. ನಂಬಿದವರ ಒಳ್ಳೇದೋ, ಸಾಕ್ಷಿ ಸಿಕ್ಕವರ ಒಳ್ಳೇದೋ? ಬಿಡುವಿನಲ್ಲಿ ನಲ್ಲಿಯ ಹತ್ತಿರ ಭಾಮೈದ ಮುಖ ತೊಳೆಯುತ್ತಿದ್ದಾಗ ಅವನಿಗೆ ತಡೆಯಲಾಗಲಿಲ್ಲ.

"ನಿನ್ನನ್ನ ಈ ಕೆಲಸಕ್ಕೆ ತಂದಿದ್ದಕ್ಕೆ ಒಳ್ಳೇ ಉಡುಗೊರೆ ಕೊಟ್ಟೆ ಕಣೋ."

"ಏನು ಭಾವ?"

"ಏನೂ ಗೊತ್ತಿಲ್ಲದವನ ಹಾಗೆ ಆಡಬೇಡ. ಮೇಡಂ ಹತ್ರ ಹೋಗಿ ಊದಿದ್ದು ನೀನೇ ತಾನೇ?"

"ಹೋದ ವಾರ ಇನ್ನೊಂದು ವ್ಯಾನಿನವರ ಬ್ಯಾಟರಿ ಸತ್ತುಹೋಯ್ತಲ್ಲ, ಅದಕ್ಕೇ ಈ ಟೇಪು ಗೀಪು ಎಲ್ಲ. ನಾನೇನು ಊದಲಿ?"

"ನನ್ನ ಎಡಗಣ್ಣು ಹೋಗಿರೋದನ್ನ."

ಮಾತು ಬಾಯಿ ದಾಟಿದ ಮೇಲೆ ಅವನಿಗೆ ಭಾಮೈದನ ಮುಖ ಕಾಣಿಸಿತು. ಅಲ್ಲಿ ಸಿಕ್ಕಿಬಿದ್ದವನ ಅಳುಕಿರಲಿಲ್ಲ. ಮೊದಲು ಏನೂ ಅರ್ಥವಾಗದ ಮುಖ, ಆಮೇಲೆ ಲೆಕ್ಕ ಹಾಕುತ್ತಿರುವ ಮುಖ. ನಲ್ಲಿ ಸುಮ್ಮನೆ ಸುರಿಯುತ್ತಿತ್ತು.

"ಭಾವ," ಎಂದ ಭಾಮೈದ ನಿಧಾನವಾಗಿ. "ಎರಡು ಕೈಯಲ್ಲೂ ಪೆಟ್ಟಿಗೆ ಹಿಡ್ಕೊಂಡು ನಾನು ಬರೋದು ಯಾವ ಕಡೆಯಿಂದ?"

ಗೂಬಣ್ಣನ ಎಡಗಡೆಯಿಂದ ಎಂದು ಇಬ್ಬರಿಗೂ ಗೊತ್ತಿತ್ತು.

"ಅಕ್ಕನಿಗೆ ಗೊತ್ತಾ?"

"ಗೊತ್ತು. ಅವಳ ಮೇಲೆ ಕೋಪ ಮಾಡ್ಕೋಬೇಡ, ನಾನೇ ಆಣೆ ಹಾಕಿಸಿದ್ದೆ. ಕತ್ತು ತಿರುಗಿಸ್ತಾನೇ ಇರ್ತೀನಲ್ಲೋ, ನಿನಗೇನೂ ಆಗೋಕೆ ಬಿಡ್ತಿರಲಿಲ್ಲ."

"ಕತ್ತು ಬಲಕ್ಕೆ ತಿರುಗಿದಾಗ?" ಭಾಮೈದ ಕೈ ಒರೆಸಿಕೊಂಡ. "ಇನ್ನೂ ಏನೇನು ಮುಚ್ಚಿಟ್ಟಿದ್ದೀರೋ, ಯಾರಿಗೆ ಗೊತ್ತು. ನಾನು ಯಾರಿಗೂ ಹೇಳಲ್ಲ. ಆದ್ರೆ ಇವತ್ತು ಮಧ್ಯಾಹ್ನ ನಿಮ್ಮ ಜೊತೆ ವ್ಯಾನ್ ಹತ್ತಲ್ಲ. ಯಾಕೆ ಅಂತ ಕೇಳಿದ್ರೆ ನೀವೇ ಹೇಳ್ಕೊಳ್ಳಿ."

ಅವನು ಹೋದ. ಗೂಬಣ್ಣ ನಲ್ಲಿ ನಿಲ್ಲಿಸಿದ. ಬೇರೆ ಯಾರನ್ನಾದರೂ ಪೆಟ್ಟಿಗೆ ಹೊರಲು ಹಾಕಿಸಿಕೊಳ್ಳಬಹುದು. ಅವನೂ ಯಾರದೋ ತಮ್ಮನಾಗಿರುತ್ತಾನೆ. ಅವನೂ ಎಡಗಡೆಯಿಂದಲೇ ಬರುತ್ತಾನೆ.

ಮೇಡಂ ಹಲಗೆಗಳನ್ನು ಬಿಚ್ಚಿಸುತ್ತಿದ್ದರು. ಅವನು ಪಿಸ್ತೂಲನ್ನು ಖಾಲಿ ಮಾಡಿ ಅವರ ಮುಂದಿನ ಮೇಜಿನ ಮೇಲಿಟ್ಟ.

"ಮೇಡಂ, ಟೇಪು ಮಾಯ ಆಗಲಿಲ್ಲ. ಸುಳ್ಳು ಹೇಳಿದೆ. ನನ್ನ ಎಡಗಣ್ಣು ಕಾಣಲ್ಲ."

ಅವರು ಅವನ ಮುಖ ನೋಡಿದರು, ಪಿಸ್ತೂಲನ್ನು ತಮ್ಮ ಕಡೆಗೆ ಎಳೆದುಕೊಂಡರು. ಇವರಿಗೆ ಮೊದಲೇ ಗೊತ್ತಿತ್ತೇ ಎಂದು ಅವನು ಈಗಲೂ ಹುಡುಕಿದ, ಗೊತ್ತಾಗಲಿಲ್ಲ.

"ಎಷ್ಟು ದಿನದಿಂದ?"

ಮೊನ್ನೆ ಮೊನ್ನೆಯಿಂದ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎಡಗಡೆ ಯಾರೋ ಬಂದು ನಿಂತಂತಾಯಿತು. ಭಾಮೈದನಿರಬಹುದು, ಯಾರೂ ಇಲ್ಲದೆಯೂ ಇರಬಹುದು. ಈ ಸಲ ಅವನು ಕತ್ತು ತಿರುಗಿಸಿ ನೋಡಲಿಲ್ಲ.

"ಹೋದ ವರ್ಷದಿಂದ," ಎಂದ.