ಗೌರಿ ಮೀನಿನ ಬಣ್ಣ

"ಯಜಮಾನ್ರೇ, ಇದೇನು ಮೀನೋ, ಮದುವಣಗಿತ್ತಿಯೋ?" ಎಂದ ಶಶಿಧರ.

ಮದ್ದೂರಿನ ಅವನ ಶೆಡ್ಡಿನಲ್ಲಿ, ಮೇಜಿನ ಮೇಲೆ, ಮಗುವಿನುದ್ದದ ಗೌರಿ ಮೀನು ಮೀಸೆಯಿಂದ ಬಾಲದವರೆಗೆ ಅರಿಶಿನ ಬಳಿದುಕೊಂಡು ಮಲಗಿತ್ತು. ಹಿಂದಿನ ದಿನ ಕೊಪ್ಪದ ಕೆರೆಯಲ್ಲಿ ಸಿಕ್ಕಿದ್ದು. ಮನೆಗೆ ತಂದ ಕೂಡಲೇ ಜವರಯ್ಯ, ಕೆಡದಿರಲಿ ಎಂದು, ಕುಯ್ದ ತುಂಡಿಗೆ ಮಾಡುವ ಉಪಚಾರವನ್ನು ಇಡೀ ಮೀನಿಗೇ ಮಾಡಿಬಿಟ್ಟಿದ್ದ. ಬಳಿದು ಬಳಿದು ಮನೆಯ ಉಪ್ಪು ಮುಗಿದಿತ್ತು, ಅರಿಶಿನದ ಡಬ್ಬವೂ ಖಾಲಿಯಾಗಿತ್ತು. ಬೆಳಿಗ್ಗೆ ಅದನ್ನು ಐಸಿನ ಪೆಟ್ಟಿಗೆಗೆ ತುಂಬಿ, ಮೊಪೆಡ್ಡಿನ ಹಿಂದೆ ಕೂತ ಹೆಂಡತಿ ಸಣ್ಣತಾಯಮ್ಮನ ತೊಡೆಯ ಮೇಲೆ ಹೇರಿಕೊಂಡು ಬಂದಿದ್ದ.

ಸತ್ತದ್ದರ ಚರ್ಮ ಬಿಡಿಸಿ, ಹದ ಮಾಡಿ, ಒಳಗೆ ಅಚ್ಚು ಕೂರಿಸಿ, ಬದುಕಿದ್ದಂತೆ ಮಾಡಿ, ಹಲಗೆಗೆ ಬಿಗಿದು ಕೊಡುವುದು ಶಶಿಧರನ ಕಸುಬು. ಬಾಗಿಲಲ್ಲೇ ಬೋರ್ಡು: 'ಕಾಡುಪ್ರಾಣಿ ತಂದವರನ್ನು ಪೊಲೀಸಿಗೆ ಒಪ್ಪಿಸಲಾಗುವುದು.' ಒಳಗೆ ಗೋಡೆಯ ಮೇಲೆ, ಬಹುಮಾನ ಗೆದ್ದ ಬಂಡೂರು ಟಗರಿನ ತಲೆಯೊಂದು ಕೊರಳಿಗೆ ಚೆಂಡುಹೂವಿನ ಹಾರ ಹಾಕಿಕೊಂಡು ಎಲ್ಲರನ್ನೂ ಕೀಳಾಗಿ ನೋಡುತ್ತಿತ್ತು. ಸಣ್ಣತಾಯಮ್ಮನಿಗೆ ಅದರ ಮುಖ ಕಂಡು ನಗು ಬಂತು. ಥೇಟು ತನ್ನ ಗಂಡನ ಗತ್ತೇ.

"ಅಲಗೆ ಕೆಳ್ಗೆ ಎಸ್ರು ದಪ್ಪಕ್ಕೆ ಬರೀಬೇಕು ಕಣಪ್ಪ. ಜವರಯ್ಯ, ಕೊಪ್ಪ ಅಂತ. ದಾರೀಲಿ ಓಗೋರ್‍ಗೂ ಕಾಣ್ಬೇಕು," ಎಂದ ಜವರಯ್ಯ.

ಅವಳ ನಗು ಅಲ್ಲೇ ನಿಂತಿತು.

ಆದದ್ದು ಇಷ್ಟು. ನಿನ್ನೆ ಬುತ್ತಿ ಕೊಡಲು ಕೆರೆ ಏರಿಗೆ ಹೋದವಳಿಗೆ ಗಂಡ, "ವಸಿ ಗಾಳ ನೋಡ್ಕತಿರು, ಟೀ ಕುಡ್ಕಂಡ್ ಬತ್ತೀನಿ" ಎಂದು ಹೇಳಿ ಹೋಗಿದ್ದ. ಕೊಕ್ಕೆಗೆ ಸಿಕ್ಕಿಸಿದ್ದ ರಾಗಿಮುದ್ದೆ ನೀರಲ್ಲಿ ಕರಗಿಹೋಗಿರಬೇಕು ಎಂದುಕೊಂಡು, ಬುತ್ತಿಯಿಂದ ಒಂದು ತುತ್ತು ಮುರಿದು ಅವಳೇ ಹೊಸದಾಗಿ ಸಿಕ್ಕಿಸಿ ಎಸೆದಳು. ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಬಿದಿರು ಕೋಲು ಬಿಲ್ಲಾಯಿತು. ಯಾರನ್ನು ಕೂಗುವುದು? ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದೇಬಿಟ್ಟಳು. ದಾರಕ್ಕೆ ಅಂಗೈ ಕುಯ್ಯಿತು, ಎರಡು ಸಲ ಬಿದ್ದಳು. ಕೊನೆಗೆ ಅದನ್ನು ಎದೆಗೆ ಅವುಚಿಕೊಂಡು ದಡಕ್ಕೆ ಬಂದು, ಒಬ್ಬಳೇ ಕೂತು ಹುಚ್ಚಿಯ ಹಾಗೆ ನಕ್ಕಳು. ಅಷ್ಟು ಖುಷಿ ಅವಳಿಗೆ ಯಾವತ್ತಾದರೂ ಆಗಿತ್ತೋ ಇಲ್ಲವೋ.

ಟೀ ಕುಡಿದು ಬಂದವನು "ಅಯ್ಯಯ್ಯೋ, ನನ್ ಮೀನು!" ಎಂದವನೇ ಹೆಗಲಿಗೇರಿಸಿದ. ಗಾಳ ತನ್ನದಾದ ಮೇಲೆ ಮೀನೂ ತನ್ನದೇ ಎಂಬುದು ಅವನ ನ್ಯಾಯ. ಊರೆಲ್ಲ ಜವರಯ್ಯನ ಮೀನು ನೋಡಲು ಬಂತು. ಬಂದವರಿಗೆಲ್ಲ ಸಣ್ಣತಾಯಮ್ಮ ಟೀ ಕಾಸಿದಳು. ಕೊಕ್ಕೆಗೆ ಬಿದ್ದದ್ದು ಹೇಗೆ, ಎಳೆದದ್ದು ಹೇಗೆ ಎಂದು ಗಂಡ ಕೈಕಾಲು ಆಡಿಸಿ ಹೇಳುತ್ತಿದ್ದರೆ ಒಳಗೆ ಇವಳು ಲೋಟಗಳನ್ನು ಕುಕ್ಕಿ ಇಡುತ್ತಿದ್ದಳು. ಒಂದು ಮೀನಿಗೆ ಜಗಳವೇ ಎಂದು ಬಾಯಿ ಮುಚ್ಚಿಕೊಂಡಿದ್ದಳು.

ಶಶಿಧರ ಮೀನನ್ನು ಎರಡು ಸಲ ತೊಳೆದ. ಜಪ್ಪಯ್ಯ ಎಂದರೂ ಅರಿಶಿನ ಬಿಡಲಿಲ್ಲ.

"ಚರ್ಮ ಒಣಗಿದ ಮೇಲೆ ಹೆಂಗೂ ಬಣ್ಣ ಹೋಗ್ತದೆ, ನಾನೇ ಬಳೀಬೇಕು. ಆದ್ರೆ ಮೊದಲು ಯಾವ ಬಣ್ಣ ಇತ್ತು ಅಂತ ಗೊತ್ತಾಗ್ಬೇಕಲ್ಲ? ಫೋಟೊ ಇದ್ಯಾ?"

ಮಗಳು ದೀಪಿಕ ತೆಗೆದ ಫೋಟೊಗಳನ್ನು ಜವರಯ್ಯ ತೋರಿಸಿದ. ಎಲ್ಲದರಲ್ಲೂ ಅವನ ಹಲ್ಲು, ಪಕ್ಕದಲ್ಲಿ ಹಳದಿ ಮೀನು.

"ಹೋಗ್ಲಿ, ನೀರಿಂದ ಎಳೆದಾಗ ಹೆಂಗಿತ್ತು, ನೀವೇ ಹೇಳಿ."

"ಎಂಗಿತ್ತು ಅಂದ್ರೆ... ಮೀನು ಇದ್ದಂಗಿತ್ತು."

"ಬೆನ್ನು?"

"ಬೆನ್ನು... ಕರ್ರಗೆ. ಇಲ್ಲ, ಬಿಳೀನೇಯ."

"ಥೂ, ಸುಮ್ಕಿರು ಅತ್ಲಾಗೆ!" ಸಣ್ಣತಾಯಮ್ಮನ ಬಾಯಿಂದ ಬಂದೇಬಿಟ್ಟಿತು. "ಬೆನ್ನು ಅಳೇ ಕಂಚಿನ ಬಣ್ಣ ಕಣಪ್ಪ. ಕೆಳೀಕ್ ಬತ್ತಾ ಬತ್ತಾ ಜೇನುತುಪ್ಪದಂಗೆ ತಿಳಿಯಾಗ್ತಿತ್ತು. ವೊಟ್ಟೆ ಕೆನೆ ಬಣ್ಣ. ಬಾಲ ಐತಲ್ಲ, ಅದ್ರ ಕೆಳಗಿನ ಸೀಳು ಮಾತ್ರ ಕೆಂಪು. ಬಿಸ್ಲು ಬಿದ್ದೇಟ್ಗೆ ಒಂದೊಂದು ಉರುಪೆನೂವೆ ಬ್ಯಾರೆ ಬ್ಯಾರೆ ವೊಳೀತಿತ್ತು."

ಶಶಿಧರ ಬಿಳಿ ಹೆಂಚಿನ ಚೂರಿನ ಮೇಲೆ ಬಣ್ಣ ಕಲಸಿ ಮುಂದೆ ಹಿಡಿದ. "ಈ ಕೆಂಪಾ?"

"ಇನ್ನೊಸಿ ಆಕು. ಆಂ, ಸಾಕು ಸಾಕು. ಇದೇಯ!"

"ಕಣ್ಣು?"

"ಸುತ್ತ ಚಿನ್ನದ ಗೆರೆ. ನನ್ನೇ ದುರುಗುಟ್ಕಂಡು ನೋಡ್ತಿತ್ತು, ಮುಂಡೇದು."

ಶಶಿಧರ ಕುಂಚ ಕೆಳಗಿಟ್ಟ. ಅವಳ ಅಂಗೈಯ ಕೆಂಪು ಬರೆಯನ್ನು ನೋಡಿದ, ಜವರಯ್ಯನ ಕಡೆ ತಿರುಗಿದ. "ಯಜಮಾನ್ರೇ, ಹೆಸರು ಏನಂತ ಬರೀಲಿ?"

ಸಣ್ಣತಾಯಮ್ಮ ನೆಲ ನೋಡಿದಳು. ಈಗಲೂ ಇವನು ಗಾಳ ನಂದು ಅಂದರೆ, ಜನ್ಮದಲ್ಲಿ ಇವನಿಗೆ ಮುದ್ದೆ ಇಕ್ಕುವುದಿಲ್ಲ ಎಂದುಕೊಂಡಳು.

ಜವರಯ್ಯ ಕತ್ತು ಕೆರೆದುಕೊಂಡ, ಟಗರನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಒಮ್ಮೆಲೇ ಹೊಟ್ಟೆ ಕುಲುಕುವಂತೆ ನಗತೊಡಗಿದ.

"ಅವ್ಳೇ ಕಣಪ್ಪ ಇಡ್ದಿದ್ದು! ನಾನು ಟೀ ಅಂಗ್ಡೀಲಿ ಕುಂತಿದ್ದೆ. ಊರೋರ್ ಮುಂದೆಲ್ಲಾ ಬುಟ್ಟಿದ್ದೇ ಬುಟ್ಟಿದ್ದು, ಕೊನೀಗೆ ನಂಗೇ ನಿಜ ಅನ್ನುಸ್ಬುಡ್ತು. ಬರ್‍ಕೊ, ಸಣ್ಣತಾಯಮ್ಮ ಅಂತ ಬರ್‍ಕೊ. ದಪ್ಪಕ್ಕೆ ಬರಿ."

ಅವಳಿಗೆ ಕಣ್ಣು ತುಂಬಿತು, ನಗುವೂ ಬಂತು. ಗಂಡನ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

ಮೀನು ತಯಾರಾದ ದಿನ ಇಬ್ಬರೂ ಹೋಗಿ ತಂದರು. ಹಲಗೆಯ ಮೇಲೆ ಬಾಲ ತಿರುಗಿಸಿ ನಿಂತ ಗೌರಿಗೆ ಅವಳು ಹೇಳಿದ್ದ ಬಣ್ಣವೇ ಬಂದಿತ್ತು. ಕೊಪ್ಪಕ್ಕೆ ಬಂದಾಗ ಸಂಜೆ. ಡೇರಿ ಮುಂದೆ ಹಾಲು ಹಾಕುವವರ ಸಾಲು ರಸ್ತೆಯವರೆಗೂ ಇತ್ತು. ಯಾರೂ ಕೇಳದಿದ್ದರೂ ಜವರಯ್ಯ ಮೊಪೆಡ್ ನಿಲ್ಲಿಸಿದ.

"ಲೇ ಹೊನ್ನಯ್ಯ, ಬಾರ್ಲಾ ಇಲ್ಲಿ! ನಮ್ಮೋಳು ಇಡ್ದಿರೋ ಮೀನು ನೋಡ್ ಬಾ!"

"ನೀನಲ್ವೇನ್ಲಾ ಇಡ್ದಿದ್ದು?"

"ನನ್ ಕೈಲಾಯ್ತದೇನ್ಲಾ? ಇವ್ಳೇ ಕಣ್ಲಾ, ಸಣ್ತಾಯಿ!"

ಸಾಲು ಮುರಿಯಿತು. ಕ್ಯಾನುಗಳನ್ನು ಅಲ್ಲಲ್ಲೇ ಬಿಟ್ಟು ಜನ ಮುತ್ತಿಕೊಂಡರು. ಹೆಂಗಸರು ಹಿಂದೆ ಉಳಿದು, ತುದಿಗಾಲಲ್ಲಿ ನಿಂತು, "ಎಲ್ಲಕ್ಕಾ? ಕಾಣಂಗೇ ಇಲ್ಲ" ಎಂದು ಕೂಗಿದರು. ಸಣ್ಣತಾಯಮ್ಮ ಮೊಪೆಡ್ಡಿನಿಂದ ಇಳಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹಲಗೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ, ಎಷ್ಟು ಎತ್ತರವಾದೀತೋ ಅಷ್ಟು ಎತ್ತಿ ಹಿಡಿದಳು.