ಮೊದಲ ಮುದ್ದೆ

ಆ ಸೋಮವಾರ ಬೆಳಗ್ಗೆ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಬೀಸುತ್ತಿದ್ದ ಆಷಾಢದ ಗಾಳಿ ಬೇಗೂರಿನ ಹೆಂಚುಗಳನ್ನೆಲ್ಲ ಅಲುಗಾಡಿಸುತ್ತಿತ್ತು. ನಡುನಡುವೆ ಒಂದು ಹಿಡಿ ಸೋನೆ ಎರಚಿ ಹೋಗುತ್ತಿತ್ತು. ನೆಲ ನೆನೆಯುವಷ್ಟೂ ಇಲ್ಲ, ಒಣಗಲೂ ಬಿಡುವುದಿಲ್ಲ. ಶಾಂತರಾಜು ಜಗಲಿಯಿಂದ ಒಳಕ್ಕೆ, ಒಳಗಿನಿಂದ ಜಗಲಿಗೆ ತಿರುಗುತ್ತಿದ್ದ.

ಅವನು ಗುಂಡ್ಲುಪೇಟೆಯ ಶಾಲೆಯೊಂದರ ವ್ಯಾನ್ ಡ್ರೈವರ್. ಕಣ್ಣಿಗೆ ಪೊರೆ ಬಂದು ಎದುರಿನ ಲಾರಿಯ ದೀಪ ಚೆಂಡುಹೂವಿನಂತೆ ಅರಳಿ ಕಾಣತೊಡಗಿದಾಗ, ವ್ಯಾನಿನ ತುಂಬ ಇದ್ದ ಮಕ್ಕಳನ್ನು ನೆನೆದು ತಾನೇ ಕೀಲಿ ಒಪ್ಪಿಸಿ ಬಂದಿದ್ದ. ಮೂರು ತಿಂಗಳೊಳಗೆ ಕಣ್ಣು ಸರಿಮಾಡಿಸಿಕೊಂಡು ಬಂದರೆ ಕೆಲಸ, ಇಲ್ಲವಾದರೆ ಬೇರೆಯವರು ಎಂಬುದು ಶಾಲೆಯವರ ಮಾತು. ಚಾಮರಾಜನಗರದ ಡಾಕ್ಟರು ರಕ್ತ ನೋಡಿ, ಸಕ್ಕರೆ ಮುನ್ನೂರ ನಲವತ್ತಿದೆ, ಇನ್ನೂರರ ಕೆಳಗಿಳಿಯದೆ ಆಪರೇಷನ್ ಮಾತೇ ಬೇಡ ಎಂದಿದ್ದರು.

ಮೊದಲ ಸಲ ಅವನು ತನಗೆ ತಾನೇ ಪಥ್ಯ ಹಾಕಿಕೊಂಡ. ಒಂದು ತಿಂಗಳು ಅನ್ನ ಮುಟ್ಟಲಿಲ್ಲ. ಎದೆ ಉಬ್ಬಿಸಿಕೊಂಡು ಹೋಗಿ ತೋರಿಸಿದರೆ ಮುನ್ನೂರ ಹನ್ನೆರಡು.

"ಏನ್ ತಿಂತಿದ್ದೀರಾ ಅಣ್ಣ?" ನರ್ಸಮ್ಮ ಕೇಳಿದ್ದಳು.

"ಒಂದಗುಳ್ ಅನ್ನ ಮುಟ್ಟಿಲ್ಲ ಕಣವ್ವ. ಬರೀ ಹಿಟ್ಟು."

"ಎಷ್ಟು ಮುದ್ದೆ?"

"ಎಷ್ಟೂಂದ್ರೆ... ಒತ್ತಿಗೆ ಎರಡು."

ಅವಳು ನಗು ತಡೆದುಕೊಂಡಳು. "ಸಕ್ಕರೆಗೆ ರಾಗಿ ಒಳ್ಳೇದು ಅಂತ ಯಾರೋ ಹೇಳಿರ್ತಾರೆ. ದಿನಕ್ಕೆ ಆರು ಮುದ್ದೆ ನುಂಗಿ ಅಂತ ಹೇಳಿರಲ್ಲ. ಅನ್ನ ಆಗಲಿ, ಹಿಟ್ಟಾಗಲಿ, ದೋಸೆ ಆಗಲಿ, ಹೊಟ್ಟೆಗೋದ್ ಮೇಲೆ ಎಲ್ಲಾ ಸಕ್ಕರೆನೇ ಅಣ್ಣ."

ಅಂದಿನಿಂದ ಮೂರು ವಾರ ಸೊಪ್ಪು, ಮೊಟ್ಟೆ, ಸೌತೆಕಾಯಿ, ಮಜ್ಜಿಗೆ, ಭಾನುವಾರ ಕೋಳಿ. ಊಟ ಬದಲಾಯಿತೆಂದು ಡಾಕ್ಟರೇ ಮಾತ್ರೆ ಇಳಿಸಿದ್ದರು. ಕೈ ನಡುಗಿ ಬೆವರಿದರೆ ತಡಮಾಡದೆ ಬನ್ನಿ ಎಂದೂ ಹೇಳಿದ್ದರು. ಕೈ ನಡುಗಲಿಲ್ಲ. ಮನಸ್ಸು ಮಾತ್ರ ಒಂದು ಕಡೆ ಕೂರಲಿಲ್ಲ. ಹೊಟ್ಟೆ ತುಂಬಿದರೂ ಉಂಡಂತಾಗುತ್ತಿರಲಿಲ್ಲ. ನಾಳೆ ಮತ್ತೆ ರಕ್ತ ಪರೀಕ್ಷೆ.

ಮೊಟ್ಟೆ ತರಲು ಹೋದಾಗ ಅಂಗಡಿಯ ಗುಲಾಮ್ ಮೊಹಿದ್ದೀನ್ ಕೆಣಕಿದ: "ಇನ್ನೊಂದ್ ವಾರ ಇಂಗೇ ತಿಂದ್ರೆ ನೀನೇ ಕಾವು ಕೂರ್ತೀಯ ಕಣ್ಲಾ ಶಾಂತರಾಜು."

"ಕೂರಕ್ಕಾದ್ರೆ ತಾನೆ? ಕುಂತ್ ಕಡೆ ಕೂರಕ್ಕಾಯ್ತಿಲ್ಲ."

"ನಾಳೆ ಒಂದಿನ ತಡ್ಕೊ. ಆಮ್ಯಾಕೆ ಅಲ್ಲಾ ನೋಡ್ಕೋತಾನೆ, ನಿಮ್ ಮಾದಪ್ಪನೂ ನೋಡ್ಕೋತಾನೆ."

ಮನೆಗೆ ಬಂದು ಮಾದಪ್ಪನ ಪಟದ ಮುಂದೆ ವಿಭೂತಿ ಹಚ್ಚಿಕೊಂಡ. ಹೆಂಡತಿ ಚಿಕ್ಕನಿಂಗಮ್ಮ ಅರಿಶಿನದ ಹೊಲಕ್ಕೆ ಕಳೆ ಕೀಳಲು ಕೂಲಿಗೆ ಹೋಗಿದ್ದಳು, ಮನೆಯಲ್ಲಿ ಅವನೊಬ್ಬನೇ. ಒಲೆಯ ಮೇಲೆ ಬಸ್ಸಾರು. ಎರಡು ಮೊಟ್ಟೆ ಬೇಯಿಸಿ ತಿಂದ. ಸೊಪ್ಪು ತಿಂದ. ಮತ್ತೆ ಎದ್ದ. ಸಾರು ಅಲ್ಲೇ ಇತ್ತು, ಅದರ ಜೊತೆಯದು ಇರಲಿಲ್ಲ. ಒಂದೇ ಒಂದು, ನಿಂಬೆಹಣ್ಣಿನಷ್ಟು, ಎಂದುಕೊಂಡ. ಯಾರು ನೋಡುತ್ತಾರೆ? ಕೈ ಆಗಲೇ ಅಟ್ಟಣಿಗೆಯ ಮೇಲಿದ್ದ ರಾಗಿಹಿಟ್ಟಿನ ಡಬ್ಬ ಇಳಿಸಿತ್ತು.

ಮುಚ್ಚಳ ತೆಗೆದ. ಪೊರೆಗಣ್ಣಿಗೆ ಬರೀ ಕಂದು ಮಬ್ಬು. ಕೈ ಇಳಿಬಿಟ್ಟರೆ ಬೆರಳು ಅಂಚಿನಲ್ಲೇ ಹಿಟ್ಟಿಗೆ ತಾಗಿತು. ಮಿಲ್ಲಿನಿಂದ ಬಂದ ದಿನ ಅವನೇ ತಟ್ಟಿ ತಟ್ಟಿ ತುಂಬಿದ್ದ, ಮೂರು ವಾರದ ಹಿಂದೆ. ಆ ಸಮತಟ್ಟು ಹಾಗೇ ಇತ್ತು. ಒಂದು ಹಿಡಿಯೂ ಯಾರೂ ತೆಗೆದಿರಲಿಲ್ಲ.

ಅವನು ಡಬ್ಬದಲ್ಲಿ ಕೈಯಿಟ್ಟುಕೊಂಡೇ ನಿಂತ. ಆ ಮನೆಯಲ್ಲಿ ಅವನ ತಾಯಿಯ ಕಾಲದಿಂದ ಒಂದು ರೂಢಿ: ಕಟ್ಟಿದ ಮೊದಲ ಮುದ್ದೆ ಗಂಡಸಿನ ತಟ್ಟೆಗೆ. ಅದು ಬಿದ್ದ ಮೇಲೆಯೇ ಹೆಂಗಸರದು. ಅವನ ತಟ್ಟೆಗೆ ಮುದ್ದೆ ಬೀಳುವುದು ನಿಂತ ದಿನದಿಂದ ಚಿಕ್ಕನಿಂಗಮ್ಮ ಒಲೆಗೆ ಹಿಟ್ಟಿನ ಎಸರೇ ಇಟ್ಟಿಲ್ಲ. ಒಲೆಯ ಹತ್ತಿರ ಬೆನ್ನು ಮಾಡಿ ಕೂತು "ನಂದಾಯ್ತು ಬುಡು" ಎನ್ನುತ್ತಿದ್ದಳು. ಏನನ್ನು ಉಂಡಳೋ ಅವನಿಗೆ ಕಂಡಿರಲಿಲ್ಲ. ಹಗಲೆಲ್ಲ ಬಗ್ಗಿ ಕಳೆ ಕೀಳುವವಳು.

ಹಿಟ್ಟನ್ನು ಜರಡಿ ಹಿಡಿದ. ನುಸಿ ಬಿದ್ದಿರಲಿಲ್ಲ. ಎಸರಿಟ್ಟ. ಕೋಲು ಹಾಕಿ ತಿರುವುವುದು ಅವನಿಗೆ ಗೊತ್ತಿದ್ದ ಕೆಲಸವಲ್ಲ. ಎರಡು ಸಲ ಗಂಟಾಯಿತು, ಮೂರನೆಯ ಸಲ ಕೂಡಿಬಂತು. ಬೆಂದ ರಾಗಿಯ ಘಮ ಮೂಗಿಗೆ ಏರಿದಾಗ ಬಾಯಿ ತುಂಬ ನೀರು ಬಂತು. ಕೋಲಿಗೂ ಬೆರಳಿಗೂ ಅಂಟಿದ್ದನ್ನು ನೆಕ್ಕಿದರೆ ಏನಾದೀತು ಎನ್ನಿಸಿತು. ನೆಕ್ಕಲಿಲ್ಲ. ತಂಬಿಗೆ ನೀರು ಸುರಿದು ಉಜ್ಜಿ ಉಜ್ಜಿ ತೊಳೆದ.

ಮೂರು ಗಂಟೆಗೆ ಚಿಕ್ಕನಿಂಗಮ್ಮ ಬಂದಳು. ಬಾಗಿಲಲ್ಲೇ ಮೂಗರಳಿಸಿ ನಿಂತಳು.

"ನಾಳೆ ರಕ್ತ ಕೊಡ್ಬೇಕು, ಇವತ್ತು ಹಿಟ್ ಉಂಡ್ಬುಟ್ಟಾ? ಮೂರ್ ವಾರ ತಡ್ದೋನು ಒಂದಿನ ತಡಿಯಕ್ಕಾಗ್ನಿಲ್ವಾ?"

"ನಾನ್ ಉಂಡಿಲ್ಲ."

"ಮತ್ಯಾರ್ ಉಂಡ್ರು, ಮಾದಪ್ಪ ಬಂದಿದ್ನಾ?"

"ಕೈ ತೊಳ್ಕೊಂಡ್ ಬಾ ಅಮ್ಮಿ."

ಅವಳು ಬಂದು ಎಂದಿನಂತೆ ಒಲೆಯ ಕಡೆ ಹೋಗಲು ನೋಡಿದಳು. ಶಾಂತರಾಜು ತಾನು ದಿನಾ ಕೂರುವ ಮಣೆಯನ್ನು ಅವಳತ್ತ ಸರಿಸಿದ. ಮುಚ್ಚಿಟ್ಟಿದ್ದ ಒಂದೇ ಒಂದು ಮುದ್ದೆಯನ್ನು, ಸೊಟ್ಟಗಿದ್ದುದನ್ನು, ತಟ್ಟೆಗಿಟ್ಟು, ಸಾರು ಬಿಟ್ಟು, ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಇಟ್ಟ.