ಕಾಡಿನ ಹಿಂದಿನ ಹೊಲ

ತಪ್ಪಿಸಿಕೊಂಡ ಮೇಕೆಯನ್ನು ಹುಡುಕುತ್ತ ಪಕ್ಕದ ಮನೆಯ ಸಿಗ್ನೆ ಕಾಡಿನಿಂದ ಇಳಿದು ಬಂದಾಗ ಹಾಲ್ವರ್ ಬಾರ್ಲಿ ಕೊಯ್ಯುತ್ತಿದ್ದ. ಕುಡುಗೋಲು ಕೈಯಲ್ಲೇ ನಿಂತಿತು. ಅಡಗಿಸುವ ಹಾಗಿರಲಿಲ್ಲ, ಸುತ್ತ ಹೊಲವೆಲ್ಲ ಹಳದಿಯಾಗಿ ಮಾಗಿತ್ತು.

ಕೆಳಗೆ ಕಣಿವೆಯಲ್ಲಿ ಯಾರ ಹೊಲವೂ ಮಾಗಿರಲಿಲ್ಲ. ಎಂಟು ದಿನದ ಹಿಂದೆ ಬಿದ್ದ ಹಿಮಕ್ಕೆ ತೆನೆಗಳು ಕಾಳಿನಲ್ಲಿ ಹಾಲು ತುಂಬುವ ಹಂತದಲ್ಲೇ ಸುಟ್ಟುಹೋಗಿದ್ದವು. ರಾಜಧಾನಿ ಕ್ರಿಸ್ಟಿಯಾನಿಯಾದಿಂದ ತರಿಸಿದ ಹೊಸ ಬಾರ್ಲಿ ಅದು. ಕಾಳು ದಪ್ಪ, ಇಳುವರಿ ಒಂದೂವರೆ ಪಟ್ಟು, ಮಾಗಲು ಮಾತ್ರ ಎರಡು ವಾರ ಹೆಚ್ಚು. ಎರಡು ಚಳಿಗಾಲ ಕೃಷಿಶಾಲೆಯಲ್ಲಿ ಓದಿ ಬಂದಿದ್ದ ಹಾಲ್ವರ್, ವಸಂತದಲ್ಲಿ ಚರ್ಚಿನ ಅಂಗಳದಲ್ಲಿ ನಿಂತು ಎಲ್ಲರನ್ನೂ ಒಪ್ಪಿಸಿದ್ದ. ಸಿಗ್ನೆ ಹಿಂಜರಿದಾಗ, "ಅಜ್ಜಿ ಕಾಲದ ಆ ಬಡಕಲು ಬಾರ್ಲಿನ ಇನ್ನೂ ಎಷ್ಟು ದಿನ ಮುದ್ದು ಮಾಡ್ತೀಯ ಸಿಗ್ನೆಕ್ಕ? ಕೋಳಿಗೆ ಹಾಕು" ಎಂದು ಜನರನ್ನು ನಗಿಸಿದ್ದ. ಅವಳು ಹಾಕಿದ್ದಳು. ಅವನೋ, ಕೆಳಗಿನ ಹೊಲದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಹೊಸದನ್ನು ಬಿತ್ತಿ, ಧೈರ್ಯ ಸಾಲದೆ, ಇಲ್ಲಿ, ಕಾಡಿನ ಹಿಂದೆ, ಹಳೆಯದನ್ನೇ ಬಿತ್ತಿದ್ದ.

ಸಿಗ್ನೆ ಒಂದು ತೆನೆ ಕಿತ್ತು, ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಕಾಳನ್ನು ಕಚ್ಚಿ ನೋಡಿದಳು.

"ಚೆನ್ನಾಗಿ ಬಂದಿದೆ."

"ಸುಮ್ನೆ ಎರಡನ್ನೂ ಹೋಲಿಸಿ ನೋಡೋಣ ಅಂತ ಹಾಕಿದ್ದು, ಸಿಗ್ನೆಕ್ಕ."

"ಹೌದಾ? ಹೇಳಿದ್ದಿದ್ರೆ ನಾವೂ ಹೋಲಿಸಿ ನೋಡ್ತಿದ್ವಲ್ಲ." ಅವಳ ದನಿ ಏರಲಿಲ್ಲ. "ನನ್ನ ಮೇಕೆ ಈ ಕಡೆ ಬಂತಾ?"

"ಇಲ್ಲ."

ಅವಳು ಹೊರಟುಹೋದಳು.

ಭಾನುವಾರದ ಹೊತ್ತಿಗೆ ಸುದ್ದಿ ಊರೆಲ್ಲ ಹರಡಿರುತ್ತದೆ ಎಂದುಕೊಂಡೇ ಅವನು ಚರ್ಚಿಗೆ ಹೋದ. ಅವಳು ಯಾರಿಗೂ ಹೇಳಿರಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಮುದುಕ ಕ್ನೂತ್ ಅಂಗಳದಲ್ಲಿ ಅವನ ಭುಜ ತಟ್ಟಿದ.

"ಕೊರಗಬೇಡಪ್ಪ. ಹಿಮ ನಿನ್ನ ಕೈಲಿದೆಯಾ? ನಿಂದೂ ಹೋಯ್ತಲ್ಲ ಪಾಪ."

ಹಾಲ್ವರನ ಕಿವಿಗಳು ಬಿಸಿಯಾದವು. ಬೇಲಿಯ ಹತ್ತಿರ ನಿಂತಿದ್ದ ಸಿಗ್ನೆ ಅವನತ್ತ ನೋಡಲೂ ಇಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ನಂದು ಹೋಗಿಲ್ಲ," ಎಂದ. ಎಲ್ಲರಿಗೂ ಕೇಳುವಂತೆ ಮತ್ತೆ ಹೇಳಿದ. "ಕಾಡಿನ ಹಿಂದೆ ಹಳೇದನ್ನೇ ಬಿತ್ತಿದ್ದೆ. ಮಾಗಿದೆ."

ಕ್ನೂತನ ಕೈ ಭುಜದಿಂದ ಮೆಲ್ಲಗೆ ಇಳಿಯಿತು. ಅಂಗಳದಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಮನೆಯ ದಾರಿ ಹಿಡಿದರು.

ಒಣಗಿಸಿ ಬಡಿದ ಬಾರ್ಲಿಯನ್ನು ಅವನು ಬಿತ್ತನೆಗೆಂದು ಮನೆಮನೆಗೂ ಹೊತ್ತೊಯ್ದ. ಕೆಲವರು ತಲೆಯಾಡಿಸಿ ತೆಗೆದುಕೊಂಡರು. ಕ್ನೂತ್ ಬಾಗಿಲನ್ನೇ ತೆರೆಯಲಿಲ್ಲ, ಹಾಲ್ವರ್ ಅವನ ಪಾಲನ್ನು ಮೆಟ್ಟಿಲ ಮೇಲೆ ಇಟ್ಟು ಬಂದ. ಕೊನೆಗೆ ಸಿಗ್ನೆಯ ಮನೆ. ಅವಳು ಚೀಲವನ್ನು ಕಣಜಕ್ಕೆ ಸುರಿದಳು. ಆಮೇಲೆ ಖಾಲಿ ಚೀಲವನ್ನು ಒಳಹೊರಗು ಮಾಡಿ, ಬೆಳಕಿಗೆ ಹಿಡಿದು, ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದ ಕಾಳುಗಳನ್ನು ಉಗುರಿನಿಂದ ಒಂದೊಂದಾಗಿ ಬಿಡಿಸತೊಡಗಿದಳು. ಹಾಲ್ವರ್ ಟೋಪಿ ಕೈಯಲ್ಲಿ ಹಿಡಿದು ಹೊಸ್ತಿಲಾಚೆಯೇ ಕಾದು ನಿಂತ.